ಅಣ್ಣನ ಗಾಡಿಯ ಪೆಟ್ರೋಲ್ ಕಾಕು

ಇವತ್ತು ಒಳಮೀಸಲಾತಿ ಬಗ್ಗೆ ಬರೀತಿಲ್ಲ. ಹಳೇ ಗಾಡಿಯ ಪೆಟ್ರೋಲ್ ಕಾಕು ಸೋರಿದ್ದರ ಬಗ್ಗೆ ಬರೀತಿದೀನಿ. ನಗೋರು ನಗಬಹುದು, ಆದ್ರೆ ಪೂರ್ತಿ ಓದಿ. ನಮ್ಮಲ್ಲಿ ಎಷ್ಟೋ ಜನರ ಹೋರಾಟ ಇನ್ನೂ ಇಂಥ ಗಾಡಿಗಳ ಮೇಲೇ ನಡೀತಿದೆ.

ಗಾಡಿ ಯಮಹಾ ಆರ್‌ಎಕ್ಸ್ 100. ಟೂ ಸ್ಟ್ರೋಕ್, 98 ಸಿಸಿ. 1985ರಿಂದ 1996ರ ತನಕ ಇಲ್ಲಿ ತಯಾರಾದದ್ದು. ನಮಗೆಲ್ಲ ಸಂಘಟನೆ ಕಲಿಸಿದ ಅಣ್ಣ ಅದನ್ನ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದರು. 2000ನೇ ಇಸವಿ ಮಾರ್ಚ್ 11ಕ್ಕೆ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನ ಸುಟ್ಟು ಕೊಂದರಲ್ಲ, ಆಗ ಅಣ್ಣ ಹೋಗಿದ್ದು ಇದೇ ಗಾಡೀಲಿ. ಹಿಂದಿನ ಸೀಟಲ್ಲಿ ನಾನಿದ್ದೆ, ಆಗಿನ್ನೂ ಬಿಎ ಓದ್ತಿದ್ದೆ. 2006ರಲ್ಲಿ ಆರೋಪಿಗಳು ಖುಲಾಸೆಯಾದರು, ಸಾಕ್ಷಿಗಳು ತಿರುಗಿಬಿದ್ದಿದ್ದರು. ಆಮೇಲೆ ಪ್ರತಿ ಮೀಟಿಂಗಲ್ಲೂ ಅಣ್ಣನದು ಒಂದೇ ಮಾತು: "ಸಾಕ್ಷಿ ಒಂಟಿಯಾಗಿ ಕೋರ್ಟಿಗೆ ಬರೋ ಹಾಗೆ ಮಾಡಬೇಡ್ರಪ್ಪ."

ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಕೀ ತಂದು ನನ್ನ ಕೈಗೆ ಕೊಟ್ಟರು. ಈಗ ಈ ಗಾಡಿಗೆ ಶೋಕಿ ಹುಡುಗರು ಲಕ್ಷದ ಮಾತಾಡ್ತಾರೆ. ಬೆಂಗಳೂರಿಂದ ಒಬ್ಬ ಮನೆ ತನಕ ಬಂದಿದ್ದ. ಟೀ ಕುಡಿಸಿ ಕಳಿಸಿದೆ.

ಹೋದ ಶನಿವಾರ ರಾತ್ರಿ ಅವ್ವ ಬಂದು ಎಬ್ಬಿಸಿದಳು. "ಪೆಟ್ರೋಲ್ ವಾಸ್ನೆ ಬತ್ತಾ ಅದೆ ಕಣ್ಲಾ, ಎದ್ದೇಳು." ಗಾಡಿ ನಿಲ್ಲಿಸೋದು ಪಡಸಾಲೇಲಿ, ಮೂರು ಮಾರು ದೂರಕ್ಕೆ ಗ್ಯಾಸ್ ಒಲೆ. ಅವ್ವ ಹೆದರಿದ್ದು ಬರೀ ಒಲೆಗಲ್ಲ. ನಮ್ಮ ಕೇರಿಗಳಲ್ಲಿ ನಡುರಾತ್ರಿ ಆ ವಾಸನೆ ಬಂದ್ರೆ ಹೆಂಗಸರು ಮೊದಲು ಬಾಗಿಲ ಕಡೆ ನೋಡ್ತಾರೆ. ಗಾಡಿಯನ್ನ ತಳ್ಳಿಕೊಂಡು ಹೋಗಿ ಬಯಲಲ್ಲಿ ನಿಲ್ಲಿಸಿ, ಟ್ಯಾಂಕ್ ಖಾಲಿ ಮಾಡಿದೆ.

ಸೋಮವಾರ ಕೋರ್ಟಲ್ಲಿ ಡೇಟಿತ್ತು. ದೌರ್ಜನ್ಯ ತಡೆ ಕಾಯ್ದೆಯ ಕೇಸು. ಮುಖ್ಯ ಸಾಕ್ಷಿ ಅರವತ್ತು ದಾಟಿದ ಒಬ್ಬ ಅಕ್ಕ. ಅವರ ಊರಿಗೆ ಬೆಳಗ್ಗೆ ಬಸ್ಸಿಲ್ಲ. ಇರೋ ಒಂದೇ ಆಟೋ ಆರೋಪಿಯ ಚಿಕ್ಕಪ್ಪನ ಮಗನದು. ಉಳಿದದ್ದು ನಿಮಗೇ ಅರ್ಥವಾಗುತ್ತೆ.

ಮೆಕ್ಯಾನಿಕ್ಕಿಗೆ ಫೋನ್ ಮಾಡಿದ್ರೆ, "ಬಿಸಾಕಿ ಸಾರ್, ಹೊಸ ಕಾಕು ಹಾಕ್ಸಿ, ಸೋಮವಾರ ಮಧ್ಯಾಹ್ನ ಬನ್ನಿ" ಅಂದ. ಹೊಸದು ಅಂದ್ರೆ ಡೂಪ್ಲಿಕೇಟು. ಕೆಲವಕ್ಕೆ ರಿವೆಟ್ ಹೊಡೆದಿರ್ತಾರೆ, ಬಿಚ್ಚೋಕೇ ಆಗಲ್ಲ. ಹಳೇದು ಹಾಗಲ್ಲ, ಎರಡು ಸ್ಕ್ರೂ ಬಿಚ್ಚಿದ್ರೆ ತನ್ನ ಕಥೆಯೆಲ್ಲ ಹೇಳುತ್ತೆ. ಭಾನುವಾರ ಅರ್ಧ ದಿನ ತೆಗೆದಿರೋ ಸ್ಪೇರ್ಸ್ ಅಂಗಡೀಲಿ ನೂರು ರೂಪಾಯಿ ಒಳಗೇ ರಿಪೇರಿ ಕಿಟ್ ಸಿಕ್ತು.

ಕಾಕು ಸೋರೋದು ಮೂರು ಕಡೆ. ಟ್ಯಾಂಕಿಗೆ ಕೂರೋ ಜಾಗದಲ್ಲಿ ಒದ್ದೆಯಾದ್ರೆ ಅಲ್ಲಿನ ರಿಂಗ್ ಹೋಗಿದೆ. ಲಿವರ್ ಸುತ್ತ ಜಿನುಗಿದ್ರೆ ಅದರ ರಿಂಗು. ಆಫ್ ಮಾಡಿದ ಮೇಲೂ ಪೈಪಿಂದ ಬರ್ತಿದ್ರೆ, ಒಳಗಿನ ತೂತುಗಳ ರಬ್ಬರ್ ಬಿಲ್ಲೆ ಸತ್ತಿದೆ. ನಮ್ಮದು ಎರಡನೇದೂ ಹೌದು, ಮೂರನೇದೂ ಹೌದು. ಈ ಮೂರನೇದು ಕಳ್ಳ. ಪೆಟ್ರೋಲ್ ನೆಲಕ್ಕೇ ಬೀಳಬೇಕಂತಿಲ್ಲ. ಕಾರ್ಬೊರೇಟರಿನ ನೀಡಲ್ಲೂ ಸರಿ ಇಲ್ಲದಿದ್ರೆ ರಾತ್ರಿಯೆಲ್ಲ ಇಂಜಿನ್ ಒಳಕ್ಕೇ ಇಳಿಯುತ್ತೆ. ಬೆಳಗ್ಗೆ ಎಷ್ಟು ಕಿಕ್ ಹೊಡೆದ್ರೂ ಗಾಡಿ ಏಳಲ್ಲ.

ಟ್ಯಾಂಕ್ ಇಳಿಸಿ ಹಳೇ ಕಂಬಳಿ ಮೇಲೆ ಮಲಗಿಸಿದೆ. ಕಾಕು ಎಳೆದಾಗ ಎರಡು ಕೊಳವೆ ಕಂಡವು, ಒಂದು ಎತ್ತರ, ಇನ್ನೊಂದು ಗಿಡ್ಡ. ಜೊತೆಗಿದ್ದ ಮಗಳಿಗೆ ತೋರಿಸಿದೆ. ಎತ್ತರದ್ದು ಆನ್. ಪೆಟ್ರೋಲ್ ಮಟ್ಟ ಅದರ ತುದಿಗಿಂತ ಕೆಳಗಿಳಿದ್ರೆ ಗಾಡಿ ನಿಲ್ಲುತ್ತೆ. ಲಿವರ್ ತಿರುಗಿಸಿದ್ರೆ ಗಿಡ್ಡದು ತಳದಲ್ಲಿ ಉಳಿದದ್ದನ್ನ ಎಳೆಯುತ್ತೆ. "ಅಷ್ಟೇನಾ ರಿಸರ್ವ್ ಅಂದ್ರೆ? ಬೇರೆ ಟ್ಯಾಂಕ್ ಇರುತ್ತೆ ಅನ್ಕೊಂಡಿದ್ದೆ" ಅಂದಳು. ಮೀಸಲಾತಿ ಅಂದ್ರೆ ಬೇರೆಯವರ ಟ್ಯಾಂಕಿಂದ ಕಿತ್ತು ಕೊಡೋದು ಅನ್ನೋರಿಗೂ ಇದನ್ನ ತೋರಿಸಬೇಕು. ಇರಲಿ.

ಲಿವರ್ ಮುಂದಿನ ತಗಡಿನ ಎರಡು ಸಣ್ಣ ಸ್ಕ್ರೂಗಳು ಹಟ ಹಿಡಿದವು. ಸರಿಯಾಗಿ ಕೂರೋ ಸ್ಕ್ರೂಡ್ರೈವರ್ ಇಲ್ಲದೆ ಅವನ್ನ ಮುಟ್ಟಬೇಡಿ, ತಲೆ ಸವೆದ್ರೆ ಮುಗೀತು. ತಗಡಿನ ಹಿಂದೆ ಅಲೆಅಲೆಯಾಗಿ ಬಗ್ಗಿದ ವಾಷರ್, ಅದೇ ಲಿವರನ್ನ ರಬ್ಬರಿಗೆ ಒತ್ತಿ ಹಿಡಿಯೋದು. ಅದರ ಹಿಂದೆ ಲಿವರ್, ಕೊನೆಗೆ ರಬ್ಬರ್ ಬಿಲ್ಲೆ. ಬಿಲ್ಲೆ ಉಬ್ಬಿ ಬಿರುಕು ಬಿಟ್ಟಿತ್ತು.

ಇಲ್ಲೊಂದು ಮಾತು. ಈಗ ಬಂಕಲ್ಲಿ ಹಾಕೋದು ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. 2030ಕ್ಕೆ ಅಂತಿದ್ದ ಗುರಿಯನ್ನ 2025ಕ್ಕೇ ಎಳೆದು ತಂದರು. ಎಥನಾಲ್ ನೀರು ಹೀರುತ್ತೆ, ಅದಕ್ಕೆಂದೇ ಮಾಡಿಲ್ಲದ ಹಳೇ ರಬ್ಬರನ್ನ ಉಬ್ಬಿಸುತ್ತೆ. ಹೊಸ ಗಾಡಿಯವರಿಗೆ ತೊಂದರೆ ಕಮ್ಮಿ. ಹಳೇ ಗಾಡಿ ಓಡಿಸೋರು ಯಾರು? ಗಾರೆ ಕೆಲಸದವರು, ಹಾಲು ಹಾಕೋರು, ಪೌರಕಾರ್ಮಿಕರು. ಬೆರೆಸೋ ಮೊದಲು ಇವರನ್ನ ಕೇಳಿದವರುಂಟಾ? ಹೋಗಲಿ, ಬೆರೆಸದ ಪೆಟ್ರೋಲು ಸಾದಾ ರೇಟಿಗೆ ಎಲ್ಲಾದ್ರೂ ಸಿಗುತ್ತಾ?

ಲಿವರಿನ ಮುಖದಲ್ಲಿ ತುಕ್ಕಿನ ಪುಡಿ ಕೊರೆದ ಗೆರೆಗಳಿದ್ದವು. ಗಾಜಿನ ಮೇಲೆ 1000 ನಂಬರಿನ ವಾಟರ್ ಪೇಪರ್ ಹಾಸಿ, ಎರಡು ಹನಿ ಎಣ್ಣೆ ಬಿಟ್ಟು, ಗೆರೆ ಹೋಗೋ ತನಕ ಸುತ್ತ ಉಜ್ಜಿದೆ. ಗಾಜು ಯಾಕೆ ಅಂದ್ರೆ ಮನೇಲಿ ಅಷ್ಟು ಸಮತಟ್ಟಾದ್ದು ಬೇರೆ ಇಲ್ಲ. ಜಾಲರಿಯನ್ನ ಹಳೇ ಹಲ್ಲುಜ್ಜೋ ಬ್ರಷ್‌ನಿಂದ ತೊಳೆದೆ. ಹೊಸ ಬಿಲ್ಲೆ, ಹೊಸ ರಿಂಗು ಹಾಕಿದೆ. ಸೈಕಲ್ ಟ್ಯೂಬ್ ಕತ್ತರಿಸಿ ಬಿಲ್ಲೆ ಮಾಡೋ ಐಡಿಯಾ ಕೊಡೋರಿದಾರೆ, ಕೇಳಬೇಡಿ. ಪೆಟ್ರೋಲಿಗೆ ಆ ರಬ್ಬರ್ ಇಡ್ಲಿ ಥರ ಉಬ್ಬುತ್ತೆ.

ಗಾಡಿಗೆ ಕೂರಿಸೋ ಮೊದಲೇ ಟ್ಯಾಂಕನ್ನ ಎರಡು ಇಟ್ಟಿಗೆ ಮೇಲಿಟ್ಟು, ಅರ್ಧ ಲೀಟರ್ ಹಾಕಿ, ಕೆಳಗೆ ಪೇಪರ್ ಹಾಸಿದೆ. ಆಫಲ್ಲಿ ಅರ್ಧ ಗಂಟೆ. ಪೈಪಿನ ಬಾಯಿ ಮುಚ್ಚಿ ಆನಲ್ಲಿ ಅರ್ಧ ಗಂಟೆ, ರಿಸರ್ವಲ್ಲಿ ಅರ್ಧ ಗಂಟೆ. ಮಗಳು ಮೂರು ಸಲ ಬಗ್ಗಿ ನೋಡಿದಳು, ಪೇಪರ್ ಒಣಗಿತ್ತು. ಅವ್ವ ಮಾತ್ರ ಆ ರಾತ್ರೀನೂ ಗಾಡಿಯನ್ನ ಒಳಗೆ ಬಿಡಲಿಲ್ಲ.

ಸೋಮವಾರ ಎಂಟಕ್ಕೆ ಅಕ್ಕನ ಊರಲ್ಲಿದ್ದೆ. ಆಟೋದವನು ಅರಳಿಕಟ್ಟೆ ಹತ್ರ ನಿಂತು ನೋಡ್ತಿದ್ದ. ಅಕ್ಕ ಸೆರಗು ಬಿಗಿದು ಹಿಂದೆ ಕೂತರು, ದಾರಿಯುದ್ದಕ್ಕೂ ನನ್ನ ಭುಜ ಬಿಡಲಿಲ್ಲ. ಹತ್ತೂಕಾಲಿಗೆ ಕೋರ್ಟ್ ಆವರಣ ತಲುಪಿದ್ವಿ. ಸಾಹೇಬ್ರು ರಜೆ. ಮುಂದಿನ ಡೇಟು ಕೊಟ್ಟರು.

ಸಾಕ್ಷಿಗಳನ್ನ ಕರ್ಕೊಂಡು ಓಡಾಡೋ ಗೆಳೆಯರು ಗಮನಿಸಿ: 1995ರ ನಿಯಮಗಳ 11ನೇ ನಿಯಮದಲ್ಲಿ ಸಾಕ್ಷಿಗೆ ಪ್ರಯಾಣ ಭತ್ಯೆ, ದಿನಭತ್ಯೆ ಇದೆ. ಕೂಡಲೇ, ತಪ್ಪಿದ್ರೆ ಮೂರು ದಿನದೊಳಗೆ ಕೊಡಬೇಕು. ವಿಚಾರಣೆ ಮುಂದಕ್ಕೆ ಹೋಯ್ತು ಅಂತ ಸುಮ್ಮನೆ ವಾಪಸ್ ಬರಬೇಡಿ, ಬಂದದ್ದಕ್ಕೆ ಅರ್ಜಿ ಬರೆದು ಸೀಲ್ ಹಾಕಿಸ್ಕೊಳ್ಳಿ. ಅವತ್ತು ಕಾರಿಡಾರಲ್ಲೇ ಕೂತು ಅಕ್ಕನ ಅರ್ಜಿ ಬರೆದೆ. ಇಪ್ಪತ್ತು ವರ್ಷದ ಗುಮಾಸ್ತಗಿರಿ ಅಷ್ಟಕ್ಕಾದ್ರೂ ಬೇಕಲ್ಲ.

ಇನ್ನೊಂದು: ಕಾಕಿನ ಎತ್ತರದ ಕೊಳವೆಯ ಜಾಲರಿ ಒಂದು ಕಡೆ ಹರಿದಿದೆ. ಸದ್ಯಕ್ಕೆ ನಡೆಯುತ್ತೆ. ಯಾರ ಹತ್ರಾನಾದ್ರೂ ಒರಿಜಿನಲ್ ಇದ್ರೆ ಇನ್‌ಬಾಕ್ಸ್ ಮಾಡಿ, ಮುಂದಿನ ಡೇಟಿಗೆ ಮೊದಲು ಹಾಕಬೇಕು.