ಒಂದು ಹಳೇ ರಿಪೋರ್ಟು, ಒಂದು ತಪ್ಪು

ಬ್ಲಾಗಿನ ಕಡೆ ತಲೆಹಾಕಿ ತಿಂಗಳೇ ಆಯ್ತು. ಕೆಲಸ ಜಾಸ್ತಿ ಅನ್ನೋ ಹಳೇ ನೆಪ, ಕ್ಷಮಿಸಿಬಿಡಿ :-)

ಹೋದ ಭಾನುವಾರ ಕುಮಾರಸ್ವಾಮಿ ಲೇಔಟಿನ ನಮ್ಮ ಬಾಡಿಗೆ ಮನೆಯ ಅಟ್ಟ ಕ್ಲೀನ್ ಮಾಡುವಾಗ ಇಂಜಿನಿಯರಿಂಗ್ ಕೊನೇ ವರ್ಷದ ಪ್ರಾಜೆಕ್ಟ್ ರಿಪೋರ್ಟ್ ಸಿಕ್ಕಿತು. ಭದ್ರಾವತಿಯಿಂದ ಬಂದಿದ್ದ ಅಪ್ಪ ಕನ್ನಡಕ ಏರಿಸಿಕೊಂಡು ಓದಲು ಕೂತರು. 1923ರಲ್ಲಿ ಕಬ್ಬಿಣ ಕೊಡಲು ಶುರುಮಾಡಿ, ಆಮೇಲೆ ಅಲಾಯ್ ಸ್ಟೀಲಿಗೆ ಹೆಸರಾದ ಅಲ್ಲಿಯ ಕಾರ್ಖಾನೆಯ ಲ್ಯಾಬಿನಲ್ಲೇ ಸರ್ವೀಸ್ ಮುಗಿಸಿದವರು.

ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಮ್ಯಾಂಗನೀಸ್-ಕ್ರೋಮಿಯಂ ಸ್ಟೀಲಿನ ಗೇರುಗಳು ಕಾರ್ಬುರೈಸಿಂಗ್ ಆಗಿ ಎಣ್ಣೆಗೆ ಬಿದ್ದ ಮೇಲೆ ಸೊಟ್ಟಗಾಗುತ್ತಿದ್ದವು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ 8ನೇ ನಂಬರಿನ ಸಣ್ಣ ಗ್ರೇನುಗಳ ಮಧ್ಯೆ 3ನೇ ನಂಬರಿನ ದಢೂತಿಗಳು. (ನಂಬರ್ ಕಮ್ಮಿಯಾದಷ್ಟೂ ಗ್ರೇನು ದೊಡ್ಡದು.) ಫರ್ನೇಸ್ ಚಾರ್ಟಿನಲ್ಲಿ 930 ಡಿಗ್ರಿ ನೆಟ್ಟಗಿತ್ತು. ನಾನು ಬರೆದದ್ದು: "ಥರ್ಮೋಕಪಲ್ ತಪ್ಪು ತೋರಿಸಿರಬೇಕು, ಆಪರೇಟರ್ ಗಮನಿಸದೆ ಹೆಚ್ಚು ಕಾಯಿಸಿದ್ದಾನೆ."

ಅಪ್ಪ ಕೇಳಿದ್ದು ಎರಡೇ ಪ್ರಶ್ನೆ. "ಸ್ಟೀಲಲ್ಲಿ ಅಲ್ಯೂಮಿನಿಯಂ, ನೈಟ್ರೋಜನ್ ಎಷ್ಟಿತ್ತು ನೋಡಿದ್ಯೇನೋ? ಬ್ಲಾಂಕನ್ನ ಕೋಲ್ಡ್ ಫೋರ್ಜ್ ಮಾಡಿದ್ಮೇಲೆ ನಾರ್ಮಲೈಸ್ ಮಾಡಿದ್ರಾ?"

ಎರಡನ್ನೂ ನೋಡಿರಲಿಲ್ಲ.

ನಮ್ಮ ಲೇಔಟಿನ ಲೆಕ್ಕದಲ್ಲೇ ಹೇಳ್ತೀನಿ. ಎಲ್ಲಾ ಮೂವತ್ತು-ನಲವತ್ತರ ಸೈಟು, ನಡುವೆ ಗಟ್ಟಿ ಕಾಂಪೌಂಡು. ಸ್ಟೀಲಿನಲ್ಲಿ ಈ ಗಡಿಗಳನ್ನು ಅಲುಗದಂತೆ ಹಿಡಿಯೋದು ಅಲ್ಯೂಮಿನಿಯಂ ನೈಟ್ರೈಡಿನ ಅತಿ ಸಣ್ಣ ಕಣಗಳು. ಕಾವು ವಿಪರೀತ ಏರಿದರೆ ಅವು ದಪ್ಪಗಾಗಿ, ಕರಗುತ್ತವೆ. ಒಂದು ಕಡೆ ಕರಗಿ ಇನ್ನೊಂದು ಕಡೆ ಉಳಿದರೆ, ಬಿಡುಗಡೆಯಾದ ಗ್ರೇನು ಅಕ್ಕಪಕ್ಕದ ನಾಲ್ಕು ಸೈಟು ನುಂಗಿಬಿಡುತ್ತದೆ. ಕಣಗಳೇ ಕಮ್ಮಿಯಿದ್ದರೆ, ಇಲ್ಲವೇ ಒಂದೆಡೆ ಗುಂಪಾಗಿದ್ದರೆ, ಅಷ್ಟು ಕಾವೂ ಬೇಕಿಲ್ಲ. ತಣ್ಣಗೆ ಬಡಿದ ಗೇರಿನಲ್ಲಿ ಒತ್ತಡವೂ ಎಲ್ಲಾ ಕಡೆ ಒಂದೇ ಸಮ ಇರುವುದಿಲ್ಲ. ಹಾಗೇ ಕಾಯಿಸಿದರೆ ಸರಿಯಾದ 930ರಲ್ಲೂ ಹೀಗಾಗಬಹುದು.

ಅಂದರೆ ಚಾರ್ಟು ನಿಜವೇ ಹೇಳಿರಬಹುದು. ತಪ್ಪು ಫರ್ನೇಸಿಗೆ ಬರುವ ಮೊದಲೇ ಗೇರಿನೊಳಗೆ ಕೂತಿರಬಹುದು.

ರಿಪೋರ್ಟ್ ಕೊಟ್ಟು ಎರಡು ವಾರಕ್ಕೆ ಸರ್ಟಿಫಿಕೇಟ್ ತರಲು ಹೋದಾಗ ಆ ಆಪರೇಟರ್ ಅಣ್ಣ ಇರಲಿಲ್ಲ. ನಮಗೆ ದಿನಾ ತಮ್ಮ ದುಡ್ಡಲ್ಲೇ ಟೀ ತರಿಸುತ್ತಿದ್ದವರು. "ಬಿಡಿಸಿದ್ರು" ಅಂದರು. ಆಗ ನಾನು ಕ್ಯಾಂಪಸ್ ಇಂಟರ್‌ವ್ಯೂ ಗುಂಗಿನಲ್ಲಿದ್ದೆ, ಮರೆತೆ. ಆ ರಿಪೋರ್ಟಿಗೆ ನನಗೆ ನೂರಕ್ಕೆ ತೊಂಬತ್ತೆರಡು ಬಂದಿತ್ತು.

ಈಗ ಆಫೀಸಿನಲ್ಲಿ ಸರ್ವರ್ ಬಿದ್ದಾಗ ಕಾರಣ ಬರೆಯೋದೂ ನನ್ನ ಕೆಲಸ. "ಇಂಥವರು ತಪ್ಪು ಕಮಾಂಡ್ ಕೊಟ್ಟರು" ಅಂತ ಬರೆದರೆ ಐದು ನಿಮಿಷದಲ್ಲಿ ಮುಗಿಯುತ್ತೆ. ಸೋಮವಾರ ಅಂಥದ್ದೊಂದು ಬರೆದಿಟ್ಟಿದ್ದೆ. ಕಳಿಸಲಿಲ್ಲ, ಅಳಿಸಿ ಮತ್ತೆ ಹುಡುಕೋಕೆ ಕೂತೆ.

ಅಪ್ಪ ಬಯ್ಯಲಿಲ್ಲ. ರಿಪೋರ್ಟ್ ಮಡಚಿಟ್ಟು, "ಆ ಮನುಷ್ಯನ ಹೆಸರಾದ್ರೂ ನೆನಪಿದೆಯೇನೋ?" ಅಂದರು.

ಇಲ್ಲ. ನೀವೂ ಯಾವತ್ತಾದರೂ ಹೀಗೆ ಬರೆದದ್ದುಂಟಾ?