ಅಗತ್ಯವೋ ಆಸೆಯೋ: ಪುಟ್ಟ ಎಂಜಿನ್ನಿನ ಡಿಕೋಡರ್

ಜರ್ಮನಿಯಲ್ಲಿ ಪುಟ್ಟ ರೈಲುಗಳ ಹವ್ಯಾಸವನ್ನು ಬರಿಯ ಮಕ್ಕಳಾಟವೆಂದು ಯಾರೂ ಎಣಿಸುವುದಿಲ್ಲ. ವಯಸ್ಸಾದ ಗೃಹಸ್ಥರು ಮನೆಯ ನೆಲಮಾಳಿಗೆಯಲ್ಲೋ ಅಟ್ಟದ ಮೇಲೋ ಹಳಿ ಹಾಸಿ, ನಿಲ್ದಾಣ, ಸುರಂಗ, ಸೇತುವೆಗಳನ್ನು ಕಟ್ಟಿ, ನಿಜವಾದ ಎಂಜಿನ್ನಿನ 87ರಲ್ಲಿ ಒಂದು ಪಾಲಿನಷ್ಟು ಅಳತೆಯ ಎಂಜಿನ್ನುಗಳನ್ನು ವೇಳಾಪಟ್ಟಿಗೆ ಸರಿಯಾಗಿ ಓಡಿಸುತ್ತಾರೆ. ಅಲ್ಲಿನ ಮೆರ್ಕ್ಲಿನ್ ಸಂಸ್ಥೆ 1859ರಲ್ಲಿಯೂ ಫ್ಲೈಶ್‌ಮನ್ ಸಂಸ್ಥೆ 1887ರಲ್ಲಿಯೂ ಆರಂಭವಾದುವು. ತಂದೆ ಕೊಂಡ ಎಂಜಿನ್ನನ್ನು ಮಗ ಓಡಿಸುವುದು ಅಲ್ಲಿ ಅಪರೂಪದ ಸಂಗತಿಯಲ್ಲ. ಇಂತಹ ಹವ್ಯಾಸಿಗಳ ಮುಂದೆ ಒಂದು ಪ್ರಶ್ನೆ ಮತ್ತೆ ಮತ್ತೆ ಬಂದು ನಿಲ್ಲುತ್ತದೆ: ಎಂಜಿನ್ನಿನ ಒಡಲಲ್ಲಿರುವ ಹಳೆಯ ಡಿಕೋಡರನ್ನು ತೆಗೆದು ಹೊಸದನ್ನು ಇಡಬೇಕೆ? ನೋಡಲು ಇದು ಯಂತ್ರದ ಪ್ರಶ್ನೆ. ಸ್ವಲ್ಪ ಬಿಡಿಸಿ ನೋಡಿದರೆ, ಮನೆ ನಡೆಸುವ ಪ್ರತಿಯೊಬ್ಬರಿಗೂ ಪರಿಚಿತವಾದ ಪ್ರಶ್ನೆಯೇ ಅದರೊಳಗಿದೆ.

ಮೊದಲು ಡಿಕೋಡರ್ ಎಂದರೇನೆಂಬುದು ತಿಳಿಯಬೇಕು. ಹಿಂದಿನ ಪದ್ಧತಿಯಲ್ಲಿ ಹಳಿಗೆ ಕೊಡುವ ವಿದ್ಯುತ್ತನ್ನು ಏರಿಸಿ ಇಳಿಸಿ ರೈಲಿನ ವೇಗವನ್ನು ಬದಲಿಸುತ್ತಿದ್ದರು. ಆಗ ಒಂದೇ ಹಳಿಯ ಮೇಲೆ ಎರಡು ಎಂಜಿನ್ನುಗಳಿದ್ದರೆ ಎರಡೂ ಒಟ್ಟಿಗೆ ಹೊರಡುತ್ತಿದ್ದುವು. ಡಿಜಿಟಲ್ ಪದ್ಧತಿಯಲ್ಲಾದರೋ ಹಳಿಯಲ್ಲಿ ವಿದ್ಯುತ್ತು ಸದಾ ಒಂದೇ ಮಟ್ಟದಲ್ಲಿರುತ್ತದೆ. ಅದರೊಡನೆ ಆಜ್ಞೆಗಳೂ ಹರಿಯುತ್ತವೆ. ಪ್ರತಿ ಎಂಜಿನ್ನಿನಲ್ಲಿ ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ವಿದ್ಯುನ್ಮಾನ ಫಲಕವಿದ್ದು, ತನ್ನ ಸಂಖ್ಯೆಯನ್ನು ಹೇಳಿ ಕರೆದ ಆಜ್ಞೆಯನ್ನು ಮಾತ್ರ ಕೇಳಿ, ಮೋಟಾರನ್ನೂ ದೀಪವನ್ನೂ ನಡೆಸುತ್ತದೆ. ಅದೇ ಡಿಕೋಡರ್.

1980ರ ದಶಕದ ಕೊನೆಯಲ್ಲಿ ಜರ್ಮನಿಯ ಬೆರ್ನ್ಡ್ ಲೆಂಟ್ಸ್ ಎಂಬವರ ಸಂಸ್ಥೆ ರೂಪಿಸಿದ ಇಂತಹ ಒಂದು ಕ್ರಮವನ್ನು, 1935ರಲ್ಲಿ ಹುಟ್ಟಿದ ಅಮೆರಿಕದ ಮಾದರಿ ರೈಲ್ವೆ ಸಂಘವು 1990ರ ದಶಕದಲ್ಲಿ ಎಲ್ಲರಿಗೂ ಸಮಾನವಾದ ನಿಯಮವನ್ನಾಗಿ ಪ್ರಕಟಿಸಿತು. ಈ ವಿಚಾರದಲ್ಲಿ ಗಮನಿಸಲೇಬೇಕಾದ ಅಂಶವಿದು. ನಿಯಮ ಬಹಿರಂಗವಾದುದರಿಂದ ಒಬ್ಬ ತಯಾರಕನ ನಿಯಂತ್ರಣ ಪೆಟ್ಟಿಗೆ ಇನ್ನೊಬ್ಬನ ಡಿಕೋಡರಿನೊಡನೆ ಮಾತನಾಡುತ್ತದೆ. ಮುಖ್ಯವಾಗಿ, ಇಂದಿನ ಪೆಟ್ಟಿಗೆಯ ಮಾತು ಮೂವತ್ತು ವರ್ಷದ ಹಿಂದಿನ ಡಿಕೋಡರಿಗೂ ಅರ್ಥವಾಗುತ್ತದೆ. ಹೊಸದು ಬಂದಿತೆಂಬ ಕಾರಣಕ್ಕೇ ಹಳೆಯದು ಕೆಲಸಕ್ಕೆ ಬಾರದೆ ಹೋಗುವ ವಸ್ತುಗಳೇ ತುಂಬಿರುವ ಈ ಕಾಲದಲ್ಲಿ ಇದು ದೊಡ್ಡ ಉಪಕಾರವೇ ಸರಿ. ಆದುದರಿಂದ ‘ಬದಲಿಸದೆ ಗತಿಯಿಲ್ಲ’ ಎಂಬ ಮಾತು ಈ ಪದ್ಧತಿಯಲ್ಲಿ ಬಹುಮಟ್ಟಿಗೆ ಸತ್ಯವಲ್ಲ. ಬದಲಿಸುವುದಾದರೆ ಅದಕ್ಕೆ ಬೇರೆ ಕಾರಣ ಬೇಕು.

ಒಬ್ಬ ಹವ್ಯಾಸಿಯನ್ನು ಊಹಿಸಿಕೊಳ್ಳಬಹುದು. ಆತನಲ್ಲಿ ಮೂವತ್ತು ಎಂಜಿನ್ನುಗಳಿವೆ. ಎಲ್ಲಕ್ಕೂ ಇಪ್ಪತ್ತು ಇಪ್ಪತ್ತೈದು ವರ್ಷದ ಹಿಂದಿನ ಡಿಕೋಡರುಗಳು. ಹೊಸ ಸರಳ ಡಿಕೋಡರಿನ ಬೆಲೆ 35 ಯೂರೋ ಎಂದಿಟ್ಟುಕೊಂಡರೆ ಮೂವತ್ತಕ್ಕೆ 1,050 ಯೂರೋ. ಶಿಳ್ಳೆ, ಹಬೆಯ ಸದ್ದುಗಳನ್ನು ಹೊರಡಿಸುವಂತಹದಕ್ಕೆ 110 ಎಂದು ಹಿಡಿದರೆ 3,300 ಯೂರೋ. ಲೆಕ್ಕದ ಪುಸ್ತಕ ಬಲ್ಲವರು ಇಲ್ಲಿಯೇ ತಡೆದು ಕೇಳುತ್ತಾರೆ: ಈ ಮೂವತ್ತರಲ್ಲಿ ತಿಂಗಳಿಗೊಮ್ಮೆಯಾದರೂ ಹಳಿಗಿಳಿಯುವುವು ಎಷ್ಟು? ಗಾಜಿನ ಕಪಾಟಿನಲ್ಲಿ ನಿಂತೇ ಇರುವ ಎಂಜಿನ್ನಿಗೆ ಹೊಸ ಡಿಕೋಡರು ಏನನ್ನು ಮಾಡಿಕೊಡುತ್ತದೆ? ಮೂವತ್ತನ್ನೂ ಒಂದೇ ಗಂಟಾಗಿ ಕಟ್ಟಿ ಯೋಚಿಸುವುದರಿಂದಲೇ ಆಸೆ ಅಗತ್ಯದ ವೇಷ ತೊಡುತ್ತದೆ. ಒಂದೊಂದನ್ನೇ ಕೈಗೆತ್ತಿಕೊಂಡು ವಿಚಾರಿಸಿದರೆ ಉತ್ತರಗಳು ಬೇರೆ ಬೇರೆಯಾಗುತ್ತವೆ.

ನಿಜವಾದ ಕೊರತೆಗಳಿವೆ, ಅವುಗಳನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಹಳೆಯ ಡಿಕೋಡರುಗಳು ಮೋಟಾರಿಗೆ ವಿದ್ಯುತ್ತನ್ನು ಬಿಟ್ಟು ಬಿಟ್ಟು ಕೊಡುವ ವೇಗ ಕಡಿಮೆ. ಅದರಿಂದ ಎಂಜಿನ್ನು ನಿಧಾನಗತಿಯಲ್ಲಿ ಗುಂಯ್ ಎನ್ನುತ್ತದೆ. ಕಬ್ಬಿಣದ ತಿರುಳಿಲ್ಲದ ಸೂಕ್ಷ್ಮ ಮೋಟಾರುಗಳಂತೂ ಇದರಿಂದ ಬಿಸಿಯಾಗಿ ಹಾಳಾಗುವುದುಂಟು. ಹೊಸವು ಇದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಬಾರಿ, ಕಿವಿಗೆ ಕೇಳದಷ್ಟು ಶೀಘ್ರವಾಗಿ ಮಾಡುತ್ತವೆ. ಇನ್ನೊಂದು ಗುಣ ಇದಕ್ಕಿಂತಲೂ ಮುಖ್ಯವಾದುದು. ಹೊಸ ಡಿಕೋಡರು ಮೋಟಾರಿಗೆ ಕೊಡುವ ವಿದ್ಯುತ್ತನ್ನು ಕ್ಷಣದ ಒಂದು ಅಂಶದಷ್ಟು ಕಾಲ ನಿಲ್ಲಿಸುತ್ತದೆ. ಆ ಗಳಿಗೆಯಲ್ಲಿ ಓಟದ ಬಲದಿಂದಲೇ ತಿರುಗುತ್ತಿರುವ ಮೋಟಾರು ತಾನೇ ಒಂದು ಪುಟ್ಟ ಜನರೇಟರಾಗುತ್ತದೆ. ಅದು ಹೊರಡಿಸುವ ವಿದ್ಯುತ್ತನ್ನು ಅಳೆದು, ಎಂಜಿನ್ನು ಎಷ್ಟು ವೇಗವಾಗಿ ಹೋಗುತ್ತಿದೆಯೆಂದು ಡಿಕೋಡರು ತಿಳಿದುಕೊಳ್ಳುತ್ತದೆ. ಏರಿನಲ್ಲಿ ವೇಗ ಕುಗ್ಗಿದರೆ ಬಲ ಹೆಚ್ಚಿಸುತ್ತದೆ, ಇಳಿಜಾರಿನಲ್ಲಿ ತಗ್ಗಿಸುತ್ತದೆ. ಹತ್ತು ಡಬ್ಬಿಗಳನ್ನೆಳೆದು ದಿಬ್ಬ ಹತ್ತಬೇಕಾದ ಎಂಜಿನ್ನಿಗೆ ಇದು ಆಡಂಬರವಲ್ಲ. ಸಮತಟ್ಟಾದ ಹಳಿಯಲ್ಲಿ ಎರಡೇ ಡಬ್ಬಿಗಳೊಡನೆ ಸುತ್ತುವ ಎಂಜಿನ್ನಿಗೆ ಇದರಿಂದ ಅಷ್ಟೇನೂ ಲಾಭವಿಲ್ಲ.

ಡಿಕೋಡರಿನ ಮೇಲೆ ಹೊರಿಸುವ ದೂರುಗಳಲ್ಲಿ ಕೆಲವು ಅದರವೇ ಅಲ್ಲ. ವೇಗ ಏರಿಸಿದಂತೆಲ್ಲ ಎಂಜಿನ್ನಿನ ದೀಪ ಹತ್ತಿ ಆರಿ ಮಾಡಿದರೆ ‘ಡಿಕೋಡರ್ ಕೆಟ್ಟಿತು’ ಎಂದು ಹೊಸದನ್ನು ಕೊಂಡುತರುವವರಿದ್ದಾರೆ. ಪೆಟ್ಟಿಗೆ ವೇಗವನ್ನು 28 ಮೆಟ್ಟಿಲುಗಳಲ್ಲಿ ಎಣಿಸುತ್ತಿದ್ದು, ಡಿಕೋಡರು 14ರಲ್ಲಿ ಎಣಿಸುತ್ತಿದ್ದರೆ ಹೀಗಾಗುತ್ತದೆ. ಎರಡೂ ಕಡೆ ಒಂದೇ ಎಣಿಕೆ ಇರಿಸಿದರೆ ಸಾಕು, ಕಾಸೂ ಖರ್ಚಿಲ್ಲ. ಎಂಜಿನ್ನು ಮುಗ್ಗರಿಸಿ ನಿಂತರೆ ಮೊದಲು ಚಕ್ರ ಮತ್ತು ಹಳಿಯ ಮಸಿಯನ್ನು ಒರೆಸಬೇಕು, ಹಲ್ಲುಚಕ್ರಗಳಿಗೆ ಒಂದು ಹನಿ ಎಣ್ಣೆ ಬಿಡಬೇಕು. ಒರೆಸುವ ಬಟ್ಟೆಯನ್ನು ಹುಡುಕುವುದಕ್ಕಿಂತ ಅಂಗಡಿಗೆ ಹೋಗುವುದೇ ಸುಲಭವೆಂದು ತೋರುವ ಕಾಲವಿದು.

ಸದ್ದಿನ ವಿಷಯವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಒಂದೆರಡು ಎಂಜಿನ್ನು ಶಿಳ್ಳೆ ಹಾಕಿದರೆ ಮೊಮ್ಮಕ್ಕಳಿಗೆ ಸಂತೋಷ. ಮೂವತ್ತೂ ಒಟ್ಟಿಗೆ ಕೂಗಿದರೆ ಮನೆಯಾಕೆ ಬಾಗಿಲು ಮುಚ್ಚುತ್ತಾಳೆ.

ನಿಜವಾದ ಇಕ್ಕಟ್ಟು ಇರುವುದು ತಂದೆಯ ಕಾಲದ ಎಂಜಿನ್ನಿನಲ್ಲಿ. ಈಚಿನ ಎಂಜಿನ್ನುಗಳಲ್ಲಿ ಎಂಟು ಅಥವಾ ಇಪ್ಪತ್ತೊಂದು ಪಿನ್ನುಗಳ ಸಾಕೆಟ್ ಇರುತ್ತದೆ. ಹಳೆಯದನ್ನು ಕಿತ್ತು ಹೊಸದನ್ನು ಒತ್ತಿದರೆ ಕೆಲಸ ಮುಗಿಯಿತು, ಬೇಡವೆನಿಸಿದರೆ ಮೊದಲಿನಂತೆಯೇ ಮಾಡಬಹುದು. ಹಳೆಯ ಕಾಲದ ಹಲವು ಎಂಜಿನ್ನುಗಳಲ್ಲಿ ಹೀಗಿಲ್ಲ. ಅವುಗಳಲ್ಲಿ ಮೋಟಾರಿನ ಒಂದು ಬ್ರಷ್ ಲೋಹದ ಚಾಸಿಗೇ ತಗಲಿಕೊಂಡಿರುತ್ತದೆ. ಅದನ್ನು ಬೇರ್ಪಡಿಸದೆ ಡಿಕೋಡರ್ ಜೋಡಿಸಿದರೆ ಡಿಕೋಡರ್ ಸುಟ್ಟುಹೋಗುತ್ತದೆ. ಮೋಟಾರು ಎಳೆಯುವ ವಿದ್ಯುತ್ತೂ ಅಧಿಕ. ಚಕ್ರವನ್ನು ತಡೆಹಿಡಿದಾಗ ಅದೆಷ್ಟು ಆಂಪಿಯರ್ ಎಳೆಯುತ್ತದೆಯೆಂದು ಅಳೆಯದೆ ಮುಂದುವರಿಯುವುದು ಅವಿವೇಕ. ಅಂತಹ ಎಂಜಿನ್ನಿನಲ್ಲಿ ಮೊದಲ ಡಿಕೋಡರನ್ನು ಯಾರೋ ಹೇಗೋ ಹೊಂದಿಸಿ ಕೂರಿಸಿದ್ದಾರೆ. ಅದಕ್ಕೀಗ ಸ್ಪೀಕರೂ ಸೇರಿದ ದೊಡ್ಡ ಡಿಕೋಡರ್ ಬೇಕೆಂದರೆ ಒಳಗಿನ ಲೋಹದ ತೂಕವನ್ನು ಕೊರೆದು ಜಾಗ ಮಾಡಬೇಕಾಗುತ್ತದೆ. ಕೊರೆದ ಲೋಹ ಮರಳಿ ಬರುವುದಿಲ್ಲ. ತೂಕ ತಗ್ಗಿದಷ್ಟೂ ಹಳಿಯ ಮೇಲೆ ಅದರ ಹಿಡಿತವೂ ತಗ್ಗುತ್ತದೆ.

ಇಲ್ಲಿ ಪ್ರಶ್ನೆ ಹಣದ್ದಲ್ಲ. ಎಂಜಿನ್ನು ಈಗ ಆತನ ಕೈಯಲ್ಲಿದೆ. ಹಿಂದೆ ತಂದೆಯ ಕೈಯಲ್ಲಿತ್ತು, ಮುಂದೆ ಯಾರ ಕೈ ಸೇರುವುದೋ ಆ ವ್ಯಕ್ತಿಗೂ ಅದರ ಮೂಲರೂಪದ ಮೇಲೆ ಒಂದು ಹಕ್ಕಿದೆ. ಮರಳಿ ಸರಿಪಡಿಸಲಾಗುವ ಬದಲಾವಣೆಯಲ್ಲಿ ಸ್ವಾತಂತ್ರ್ಯ ವಹಿಸಬಹುದು. ಸರಿಪಡಿಸಲಾಗದ ಬದಲಾವಣೆಯ ಮುಂದೆ ಹಿಂಜರಿಯುವುದೇ ಸಭ್ಯತೆ. ಆತ ಕೊರೆಯದೆ ಬಿಟ್ಟರೆ ಆ ಎಂಜಿನ್ನು ಗುಂಯ್‌ಗುಟ್ಟುತ್ತಲೇ ಓಡುತ್ತದೆ, ಓಡಲಿ.

ಕೊನೆಗೆ, ತೆಗೆದ ಡಿಕೋಡರುಗಳ ಗತಿ. ಜರ್ಮನಿಯಲ್ಲಿ 2005ರ ಕಾಯಿದೆಯಿಂದ ಈಚೆಗೆ ವಿದ್ಯುನ್ಮಾನ ವಸ್ತುಗಳನ್ನು ಮನೆಯ ಕಸದೊಡನೆ ಎಸೆಯುವಂತಿಲ್ಲ; ಎಸೆಯಬೇಕಾದ ಅಗತ್ಯವೂ ಇಲ್ಲ. ವೇಗ ಮತ್ತು ಏರುಗಳ ಗೊಡವೆಯಿಲ್ಲದ ಡಬ್ಬಿಯಲ್ಲಿಟ್ಟರೆ ಹಳೆಯ ಡಿಕೋಡರು ದೀಪ ಹಚ್ಚಿ ಆರಿಸುವ ಕೆಲಸಕ್ಕೆ ಸಾಕು. ಹೊಸದಾಗಿ ಹವ್ಯಾಸಕ್ಕೆ ಬಂದ ಹುಡುಗನಿಗೆ ಕೊಟ್ಟರೆ ಆತನ ಮೊದಲ ಎಂಜಿನ್ನು ಓಡುತ್ತದೆ. ಮಾರುವುದಾದರೆ ಅದಕ್ಕೆ ಎಷ್ಟು ವರ್ಷವಾಯಿತು, ಎಷ್ಟು ಮೆಟ್ಟಿಲಿನ ವೇಗ, ಯಾವ ಮೋಟಾರಿನಲ್ಲಿತ್ತು, ಒಮ್ಮೆಯಾದರೂ ಬಿಸಿಯಾಗಿತ್ತೇ ಎಂಬುದನ್ನು ಕೊಳ್ಳುವವನಿಗೆ ಕೇಳುವ ಮೊದಲೇ ಹೇಳಬೇಕು. ಎಂಜಿನ್ನನ್ನೇ ಮಾರುವಾಗಲೂ ಡಿಕೋಡರ್ ಬದಲಾಗಿರುವುದನ್ನು ಮುಚ್ಚಿಡುವಂತಿಲ್ಲ, ಏಕೆಂದರೆ ಸಂಗ್ರಹಕಾರನು ಮೂಲ ಸ್ಥಿತಿಗೆ ಒಂದು ಬೆಲೆ, ಬದಲಾದ ಸ್ಥಿತಿಗೆ ಇನ್ನೊಂದು ಬೆಲೆ ಕೊಡುತ್ತಾನೆ. ಊಹಿಸಿಕೊಂಡ ಆ ಹವ್ಯಾಸಿ ಈ ರೀತಿ ಒಂದೊಂದನ್ನೇ ಪರೀಕ್ಷಿಸಿದನೆನ್ನೋಣ. ದಿಬ್ಬ ಹತ್ತುವ ನಾಲ್ಕಕ್ಕೂ ಬಿಸಿಯಾಗುತ್ತಿದ್ದ ಒಂದಕ್ಕೂ ಹೊಸ ಡಿಕೋಡರ್ ಬಂದುವು. 35ರಂತೆ 175 ಯೂರೋ. ತೆಗೆದ ಐದನ್ನು ಸಣ್ಣ ಲಕೋಟೆಗಳಲ್ಲಿ ಹಾಕಿ, ಪ್ರತಿಯೊಂದರ ಮೇಲೂ ಅದು ಯಾವ ಎಂಜಿನ್ನಿನದೆಂದು ಬರೆದು ಡ್ರಾಯರಿನಲ್ಲಿಟ್ಟಿದ್ದಾನೆ.