ಗದಗ ಬಸ್ಸಿಗೆ ಕಾದು ನಿಂತೆನು

15 ಜುಲೈ 2025, ಮಂಗಳವಾರ
ಮಲ್ಲಸಮುದ್ರ

ಇವತ್ತು ಷಟ್ಪದಿ ಶುರು ಮಾಡಿದೆ. ಶರ, ಕುಸುಮ, ಭೋಗ, ಭಾಮಿನಿ, ಪರಿವರ್ಧಿನಿ, ವಾರ್ಧಕ ಎಂದು ಬೋರ್ಡಿನ ಮೇಲೆ ಬರೆಯುವಷ್ಟರಲ್ಲೇ ಹಿಂದಿನ ಬೆಂಚಿನಿಂದ ಕೇಳಿಸಿತು: "ಸರ, ಇದು ಎಷ್ಟು ಮಾರ್ಕ್ಸಿಗೆ ಬರ್ತೈತ್ರಿ?"

ಸಿಟ್ಟು ಬಂತು. ಆದರೆ ತಪ್ಪು ಹುಡುಗನದಲ್ಲ. ಇಪ್ಪತ್ತು ವರ್ಷ ನಾನೂ ಕಲಿಸಿದ್ದು ಹಾಗೆಯೇ. ಲಘುವಿಗೆ ಅರ್ಧಚಂದ್ರ, ಗುರುವಿಗೆ ಅಡ್ಡಗೆರೆ, ಮೂರು-ನಾಲ್ಕು ಮೂರು-ನಾಲ್ಕು, ಮುಗಿಯಿತು. ಪ್ರಸ್ತಾರ ಹಾಕಿ ಪೂರ್ತಿ ಅಂಕ ತೆಗೆದವರ ಕಿವಿಗೆ ಭಾಮಿನಿಯ ನಡಿಗೆ ಬಿದ್ದಿತ್ತೋ ಇಲ್ಲವೋ ಒಮ್ಮೆಯೂ ವಿಚಾರಿಸಲಿಲ್ಲ. ಅದೂ ಕುಮಾರವ್ಯಾಸನ ಗದುಗಿನಲ್ಲಿ! ವೀರನಾರಾಯಣನ ಗುಡಿಯ ಕಂಬಕ್ಕೆ ಒರಗಿ, ಒದ್ದೆ ಬಟ್ಟೆ ಆರುವ ತನಕ ಅವನು ಪದ್ಯ ಕಟ್ಟುತ್ತಿದ್ದ ಎಂಬ ಪ್ರತೀತಿ ಇಲ್ಲಿಯ ಕೂಸಿಗೂ ಗೊತ್ತು. ಕಟ್ಟಿದ ಪದ್ಯ ಹೇಗೆ ನಡೆಯುತ್ತದೆ ಎಂದು ಕೇಳಿದರೆ ಎಲ್ಲರೂ ಗೈಡು ತೆಗೆಯುತ್ತಾರೆ.

17 ಜುಲೈ, ಗುರುವಾರ

ಮುಂಜಾನೆ ಬಸ್ಸು ತಡವಾಯಿತು. ನಿಂತಲ್ಲೇ ಬಾಯಿಗೆ ತಾನಾಗಿ ಬಂದದ್ದು:

ಗದಗ ಬಸ್ಸಿಗೆ ಕಾದು ನಿಂತೆನು

ಬೆರಳು ಮಡಚಿ ಎಣಿಸಿದೆ. ಗದಗ ಮೂರು, ಬಸ್ಸಿಗೆ ನಾಲ್ಕು, ಕಾದು ಮೂರು, ನಿಂತೆನು ನಾಲ್ಕು. ಹದಿನಾಲ್ಕು ಮಾತ್ರೆ, ಶುದ್ಧ ಭಾಮಿನಿ! ತರಗತಿಗೆ ಹೋದವನೇ ಪುಸ್ತಕ ಮುಚ್ಚಿಸಿ, ಇದೊಂದೇ ಸಾಲನ್ನು ಚಪ್ಪಾಳೆ ತಟ್ಟಿ ಹತ್ತು ಸಲ ಹೇಳಿಸಿದೆ. ಮುಂದಿನ ಸಾಲು ನೀವು ಕಟ್ಟಿರಿ, ಎರಡನೆಯ ಅಕ್ಷರ 'ದ'ಕಾರವೇ ಇರಬೇಕು, ಮೊದಲನೆಯದು ಲಘುವಾಗಿರಬೇಕು ಎಂದೆ. ಮಾರ್ಕ್ಸು ಕೇಳಿದ ಹುಡುಗನೇ ಮೊದಲು ಎದ್ದ:

ಎದುರು ಹೋಯಿತು ಒಂದು ಚಕ್ಕಡಿ

ಮೂರನೆಯ ಸಾಲಿಗೆ ಅರ್ಧ ತಾಸು ಹಿಡಿಯಿತು. ಮೊದಲ ಸಾಲಿನ ಒಂದೂವರೆಪಟ್ಟು, ಮೇಲೊಂದು ಗುರು, ಒಟ್ಟು ಇಪ್ಪತ್ಮೂರು ಮಾತ್ರೆ ಆಗಬೇಕಲ್ಲ. ರಬ್ಬರು ಸವೆದವು. (ಬರೆದದ್ದನ್ನು ಅಳಿಸಲಿಲ್ಲ ಎಂಬ ಹೆಮ್ಮೆ ಆ ಕುಮಾರವ್ಯಾಸನಿಗೇ ಸೈ.) ಕೊನೆಗೆ ಒಬ್ಬಳು ಓದಿದಳು:

ಅದರ ಹಿಂದೆಯೆ ಬಸ್ಸು ಬಂದಿತು ಸೀಟು ಸಿಗಲಿಲ್ಲ

"ಸರ, ಕಡೀಕ ಒಂದು ಮಾತ್ರೆ ಕಡಿಮಿ ಬೀಳತೈತ್ರಿ" ಎಂದಿತು ಅವಳ ಪಕ್ಕದ ಹುಡುಗಿ. ಲೆಕ್ಕ ಸರಿಯೇ. ಕೊನೆಯ 'ಲ್ಲ' ಬರಿಯ ಲಘು. ಉತ್ತರ ಹೇಳುವ ಬದಲು ಹಾಡಿಸಿದೆ. ಸಾಲು ಮುಗಿಯುವಲ್ಲಿ ಎಲ್ಲರ ದನಿಯೂ ತಾನಾಗಿ ಎಳೆಯಿತು, ನಿಂತಿತು. ಮೂರನೆಯ, ಆರನೆಯ ಸಾಲಿನ ಕೊನೆಯ ಲಘುವನ್ನು ಗುರುವೆಂದೇ ಎಣಿಸಬೇಕೆಂಬ ನಿಯಮ ಹುಟ್ಟಿದ್ದು ಆ ಎಳೆತದಿಂದ. ಇಷ್ಟು ವರ್ಷ ಅದನ್ನು ಪೆನ್ಸಿಲ್ಲಿನ ರಿಯಾಯಿತಿಯಂತೆ ಹೇಳಿಕೊಟ್ಟಿದ್ದೆ.

29 ಜುಲೈ, ಮಂಗಳವಾರ. ಪಂಚಮಿ

ಬೇವಿನ ಮರಕ್ಕೆ ಜೋಕಾಲಿ. ಉಂಡಿ ತಿಂದು ಕಟ್ಟೆಯ ಮೇಲೆ ಕುಳಿತೆ. ಚಿಗವ್ವ ತ್ರಿಪದಿ ಎತ್ತಿದಳು. ಚಟ ಬಿಡಲಿಲ್ಲ, ಮಾತ್ರೆ ಎಣಿಸಲು ಹೋದೆ. ಒಂದು ಪದ್ಯದ ಲೆಕ್ಕ ಇನ್ನೊಂದಕ್ಕೆ ಕೂಡಲೊಲ್ಲದು. ಕೂಡುವುದಾದರೂ ಹೇಗೆ? ತ್ರಿಪದಿ ಅಂಶಗಣದ್ದು. ಹನ್ನೊಂದು ಗಣ, ಆರನೆಯದೂ ಹತ್ತನೆಯದೂ ಬ್ರಹ್ಮ, ಉಳಿದವು ವಿಷ್ಣು. ಒಂದು ಅಂಶಕ್ಕೆ ಲಘು ಬಂದರೂ ನಡೆದೀತು, ಗುರು ಬಂದರೂ ನಡೆದೀತು. ಹೆಚ್ಚುಕಡಿಮೆಯನ್ನು ದನಿ ಸರಿದೂಗಿಸುತ್ತದೆ. ಜೋಕಾಲಿ ಹಿಂದಕ್ಕೆ ಬರುವಾಗ ಚಿಗವ್ವ ಎರಡನೆಯ ಸಾಲನ್ನು ಮತ್ತೆ ಹಿಡಿಯುತ್ತಿದ್ದಳು, ಕಾಗದದ ಮೇಲೆ ಮೂರೇ ಇರುವುದು ಬಾಯಲ್ಲಿ ನಾಲ್ಕಾಗುತ್ತಿತ್ತು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಬಂಡೆಗೆ ಕೊರೆದದ್ದೂ ಇದೇ ತ್ರಿಪದಿ. ಸಾವಿರದ ಮುನ್ನೂರು ವರ್ಷದ ಹತ್ತಿರ ಹತ್ತಿರ ಆಯಿತು.

"ಹಾಡ ಕೇಳೂದು ಬಿಟ್ಟು ಬೆರಳ ಯಾಕ ಮಡಚಾಕ್ಹತ್ತಿ ತಮ್ಮಾ?" ಎಂದಳು. ನಾಚಿಕೆಯಾಯಿತು. ಮುಂದಿನ ವಾರ ಹುಡುಗರನ್ನು ಇವಳ ಮುಂದೆ ಕೂರಿಸಬೇಕು. ಅಂಶಗಣದ ಪಾಠ ಆಮೇಲೆ.

1 ಆಗಸ್ಟ್, ಶುಕ್ರವಾರ

ನಾಲ್ಕನೆಯ ಸಾಲು ಬಂತು. ಆ ಚಕ್ಕಡಿಯ ಹುಡುಗನದೇ:

ಕದವ ಹಿಡಿದೇ ನಿಂತು ಹೋದೆನು

ಇನ್ನೆರಡು ಸಾಲು ಬಾಕಿ.